ಕಮಲಾ ವಿ. ನಿಂಬ್ಕರ್

ಕಮಲಾ ವಿ. ನಿಂಬ್ಕರ್ (1900–1979) ಭಾರತದಲ್ಲಿ ಔದ್ಯೋಗಿಕ ಚಿಕಿತ್ಸೆಯ ಶಿಕ್ಷಣಕ್ಕೆ ಅಡಿಪಾಯ ಹಾಕಿದ ಅಮೆರಿಕ ಮೂಲದ ಚಿಕಿತ್ಸಕಿ ಹಾಗೂ ಶಿಕ್ಷಕಿ. ಆಕ್ಯುಪೇಷನಲ್ ಥೆರಪಿ ಎಂದೂ ಕರೆಯಲಾಗುವ ಈ ಚಿಕಿತ್ಸೆಯು ಕಾಯಿಲೆ, ಅಂಗವೈಕಲ್ಯ ಅಥವಾ ಬೆಳವಣಿಗೆಯ ಭಿನ್ನತೆ ಇರುವವರಿಗೆ ಸ್ನಾನ, ಊಟ, ಕಲಿಕೆ, ದುಡಿಮೆ, ಓಡಾಟ ಮೊದಲಾದ ನಿತ್ಯದ ಕೆಲಸಗಳನ್ನು ನಿರ್ವಹಿಸಲು ನೆರವಾಗುತ್ತದೆ. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅವರು ಸ್ಥಾಪಿಸಿದ ಶಾಲೆಯು ಈ ವಿಷಯಕ್ಕೆ ಮೀಸಲಾದ ದೇಶದ ಮೊದಲ ಶಾಲೆಯಾಗಿದೆ.

ಜೀವನ

ಕಮಲಾ ಅವರ ಜನ್ಮನಾಮ ಎಲಿಜಬೆತ್ ಲಂಡಿ. ಅವರು ಅಮೆರಿಕದ ನ್ಯೂಜೆರ್ಸಿಯ ಕ್ವೇಕರ್ ಕುಟುಂಬದಲ್ಲಿ ಜನಿಸಿದರು. 1930ರಲ್ಲಿ ವಿಷ್ಣು ನಿಂಬ್ಕರ್ ಅವರನ್ನು ವಿವಾಹವಾಗಿ ಭಾರತದಲ್ಲಿ ನೆಲೆಸಿದರು. ಕಮಲಾ ಎಂಬ ಹೆಸರನ್ನು ಸ್ವೀಕರಿಸಿದರು. ಮುಂಬಯಿಯಲ್ಲಿ ಕೆಲವು ಕಾಲ ಮಕ್ಕಳ ಶಾಲೆಯೊಂದನ್ನು ನಡೆಸಿದರು. ಕೃಷಿ ಸಂಶೋಧಕ ಬಿ. ವಿ. ನಿಂಬ್ಕರ್ ಅವರ ಪುತ್ರ.

ಔದ್ಯೋಗಿಕ ಚಿಕಿತ್ಸೆಯ ಕ್ಷೇತ್ರ

1940ರ ದಶಕದಲ್ಲಿ, ಮಧ್ಯವಯಸ್ಸಿನಲ್ಲಿ, ಕಮಲಾ ಅವರು ಅಮೆರಿಕಕ್ಕೆ ಮರಳಿ ಫಿಲಡೆಲ್ಫಿಯಾದಲ್ಲಿ ಔದ್ಯೋಗಿಕ ಚಿಕಿತ್ಸೆಯ ತರಬೇತಿ ಪಡೆದರು. ಭಾರತಕ್ಕೆ ಹಿಂತಿರುಗಿದ ಮೇಲೆ ಕೆ.ಇ.ಎಂ. ಆಸ್ಪತ್ರೆಯ ಶಾಲೆಯನ್ನು ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಔದ್ಯೋಗಿಕ ಚಿಕಿತ್ಸಕರ ಸಂಘವನ್ನು ಸ್ಥಾಪಿಸಿದರು. ಅದೇ ವರ್ಷ ರೂಪುಗೊಂಡ ಔದ್ಯೋಗಿಕ ಚಿಕಿತ್ಸಕರ ವಿಶ್ವ ಒಕ್ಕೂಟದ 10 ಸ್ಥಾಪಕ ಸದಸ್ಯ ಸಂಘಗಳಲ್ಲಿ ಭಾರತದ ಸಂಘವೂ ಸೇರಿತ್ತು. ಏಷ್ಯಾದ ಪುನರ್ವಸತಿ ಕಾರ್ಯಕ್ಕೆ ಮೀಸಲಾದ ನಿಯತಕಾಲಿಕವೊಂದನ್ನು ಅವರು ಸಂಪಾದಿಸಿದರು. ಭಾರತದಲ್ಲಿ ಪುನರ್ವಸತಿ ಮತ್ತು ಔದ್ಯೋಗಿಕ ಚಿಕಿತ್ಸೆಯ ಚರಿತ್ರೆಯನ್ನು ಕುರಿತ ಗ್ರಂಥವನ್ನೂ ಬರೆದರು.

ಬೆಳಗಾವಿ ಸೀಮೆಯ ಸಂದರ್ಭ

ಕೆ.ಇ.ಎಂ. ಶಾಲೆ ಆರಂಭವಾದಾಗ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಪ್ರದೇಶಗಳು ಮುಂಬಯಿ ರಾಜ್ಯಕ್ಕೆ ಸೇರಿದ್ದವು. ರಾಮದುರ್ಗ ಸಂಸ್ಥಾನವು 1948ರಲ್ಲಿ ಆ ಪ್ರಾಂತದಲ್ಲಿ ವಿಲೀನಗೊಂಡಿತ್ತು. 1956ರ ನವೆಂಬರ್ 1ರಂದು ಈ ಪ್ರದೇಶಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹೀಗಾಗಿ ಈ ಚಿಕಿತ್ಸೆಯ ಮೊದಲ ಶಾಲೆ ಈ ಸೀಮೆಯವರ ಅಂದಿನ ರಾಜಧಾನಿಯಲ್ಲೇ ಇದ್ದರೂ, ಊರಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿತ್ತು.

ಈ ದೂರವು ಚಿಕಿತ್ಸೆಯ ಸ್ವರೂಪದ ದೃಷ್ಟಿಯಿಂದ ಮುಖ್ಯವಾದುದು. ಆಸ್ಪತ್ರೆಯಲ್ಲಿ ಕಲಿತದ್ದು ಮನೆ, ಶಾಲೆ ಮತ್ತು ಕೆಲಸದ ಸ್ಥಳದಲ್ಲಿ ಬಳಕೆಗೆ ಬಂದಾಗ ಮಾತ್ರ ಅದು ಫಲ ಕೊಡುತ್ತದೆ. ಉದಾಹರಣೆಗೆ, ಸದ್ದು ಮತ್ತು ಜನಸಂದಣಿಯನ್ನು ಸಹಿಸಲಾಗದ ಆಟಿಸಂ ಇರುವ ಹದಿಹರೆಯದವರಿಗೆ ಸವದತ್ತಿಯ ಯಲ್ಲಮ್ಮನ ಜಾತ್ರೆ ಕಷ್ಟಕರವಾಗಬಹುದು. ಚಿಕಿತ್ಸಕರು ಸಹಿಸಿಕೊಳ್ಳುವಂತೆ ಒತ್ತಾಯಿಸುವುದಿಲ್ಲ. ಜನ ಕಡಿಮೆಯಿರುವ ಹೊತ್ತನ್ನು ಆರಿಸುವುದು, ಸರಿದು ಕೂರುವ ಜಾಗವನ್ನು ಮೊದಲೇ ಗೊತ್ತುಮಾಡುವುದು, ಹೊರಡುವ ಸಂಜ್ಞೆಯೊಂದನ್ನು ನಿಗದಿಪಡಿಸುವುದು ಮುಂತಾದ ಉಪಾಯಗಳನ್ನು ಕುಟುಂಬದೊಡನೆ ಕೂಡಿ ರೂಪಿಸುತ್ತಾರೆ. ಕೈಮಗ್ಗದ ನೇಯ್ಗೆಗೆ ಹೆಸರಾದ ರಾಮದುರ್ಗದಲ್ಲಿ, ಗಮನ ಕೇಂದ್ರೀಕರಿಸಲು ಕಷ್ಟಪಡುವ ವಯಸ್ಕರೊಬ್ಬರಿಗೆ ಮಗ್ಗದ ಕೆಲಸವನ್ನು ಸಣ್ಣ ಹಂತಗಳಾಗಿ ವಿಂಗಡಿಸಿ, ಚಿತ್ರಗಳ ಪಟ್ಟಿಯೊಂದಿಗೆ ಕಲಿಸಬಹುದು. ಒಬ್ಬರೇ ಬಸ್ಸಿನಲ್ಲಿ ಪ್ರಯಾಣಿಸುವುದು, ಹಣ ಎಣಿಸುವುದು, ಅಡುಗೆ ಮಾಡುವುದು ಸಹ ಇದೇ ಕ್ರಮದಲ್ಲಿ ಕಲಿಸುವ ವಿಷಯಗಳು.

ನಂತರದ ಬೆಳವಣಿಗೆಗಳು

ಕಮಲಾ ಅವರ ಜೀವಿತಕಾಲದಲ್ಲಿ ನರವೈವಿಧ್ಯ ಎಂಬ ಪರಿಕಲ್ಪನೆ ಬಳಕೆಯಲ್ಲಿರಲಿಲ್ಲ. ಅದು 1990ರ ದಶಕದ ಕೊನೆಯಲ್ಲಿ ಪ್ರಚಲಿತವಾಯಿತು. ಭಾರತದಲ್ಲಿ ಆಟಿಸಂ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ವ್ಯಾಪ್ತಿಗೆ ಬಂದಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ವಿಧಗಳಲ್ಲಿ ಆಟಿಸಂ ಹಾಗೂ ನಿರ್ದಿಷ್ಟ ಕಲಿಕಾ ನ್ಯೂನತೆಗಳು ಸೇರಿವೆ. ಔದ್ಯೋಗಿಕ ಚಿಕಿತ್ಸಕರ ವೃತ್ತಿಯು 2021ರ ಕೇಂದ್ರ ಕಾಯ್ದೆಯೊಂದರ ಮೂಲಕ ರಾಷ್ಟ್ರಮಟ್ಟದ ನಿಯಂತ್ರಣಕ್ಕೆ ಒಳಪಟ್ಟಿತು. ಚಿಕ್ಕ ಮಕ್ಕಳಿಗಷ್ಟೇ ಸೀಮಿತವೆಂದು ಹಲವರು ಭಾವಿಸುವ ಈ ನೆರವನ್ನು ಹದಿಹರೆಯದವರೂ ವಯಸ್ಕರೂ ಪಡೆಯಬಹುದು. ಆಟಿಸಂ ಅನ್ನು ಇಲ್ಲವಾಗಿಸುವುದು ಇದರ ಉದ್ದೇಶವಲ್ಲ. ವ್ಯಕ್ತಿ ತನ್ನ ದಿನವನ್ನು ಆದಷ್ಟು ಸ್ವತಂತ್ರವಾಗಿ ನಡೆಸುವಂತಾಗುವುದು ಇದರ ಗುರಿ.

ಸ್ಮರಣೆ

ಕಮಲಾ ಅವರು 1979ರಲ್ಲಿ ನಿಧನರಾದರು. ಮಹಾರಾಷ್ಟ್ರದ ಫಲ್ಟಣದಲ್ಲಿರುವ ಕಮಲಾ ನಿಂಬ್ಕರ್ ಬಾಲಭವನ ಶಾಲೆಗೆ ಅವರ ಹೆಸರನ್ನಿಡಲಾಗಿದೆ.