ಚಿರತೆಗಿಂತ ಮೊದಲು ಬರುವ ಭಯ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡ ಸುದ್ದಿ ಹೊಸದಲ್ಲ. ಅದನ್ನೇ ಕಿರುಚಿತ್ರ ಮಾಡಲು ಹೊರಟ ಕಾಲೇಜು ಗೆಳೆಯರು ಮೊದಲ ದೃಶ್ಯಕ್ಕಾಗಿ ಹಾಲಿವುಡ್ ಸಿನಿಮಾಗಳನ್ನು ಜಾಲಾಡುವ ಮುನ್ನ ಕೆನೆತ್ ಆಂಡರ್ಸನ್ ಅವರನ್ನು ಓದಬೇಕು.

1910ರಲ್ಲಿ ಹೈದರಾಬಾದ್ ಬಳಿಯ ಬೊಲಾರಂನಲ್ಲಿ ಹುಟ್ಟಿದ ಆಂಡರ್ಸನ್ ಬದುಕಿದ್ದು ಬೆಂಗಳೂರಿನಲ್ಲಿ. ವಿಮಾನ ಕಾರ್ಖಾನೆಯಲ್ಲಿ ನೌಕರಿ, ಬಿಡುವು ಸಿಕ್ಕರೆ ಕಾಡು. ನರಭಕ್ಷಕ ಹುಲಿ, ಚಿರತೆಗಳ ಬೆನ್ನುಹತ್ತಿದ ಅನುಭವಗಳ ಮೊದಲ ಪುಸ್ತಕ 1954ರಲ್ಲಿ ಬಂತು.

ಅವರ ಗುಮ್ಮಳಾಪುರದ ಕಥೆಯಲ್ಲಿ ಚಿರತೆಗಿಂತ ಮೊದಲು ಕಾಣುವುದು ಊರಿನ ಭಯ. ಹೊತ್ತು ಮುಳುಗುತ್ತಲೇ ಬಾಗಿಲುಗಳು ಭದ್ರವಾಗುತ್ತವೆ, ಬೀದಿ ಬರಿದಾಗುತ್ತದೆ. ಕೊನೆಗೆ ಸತ್ತ ಚಿರತೆಯ ಪಂಜದಲ್ಲಿ ಮುರಿದ ಮುಳ್ಳುಹಂದಿ ಮುಳ್ಳು ಸಿಗುತ್ತದೆ. ಊರವರು ರಾಕ್ಷಸ ಎಂದುಕೊಂಡದ್ದು ಗಾಯಗೊಂಡ ಪ್ರಾಣಿ.

ಮುಂದೆ ಆಂಡರ್ಸನ್ ಕೋವಿಗಿಂತ ಕ್ಯಾಮೆರಾ ಹಿಡಿದದ್ದೇ ಹೆಚ್ಚು. 1974ರಲ್ಲಿ ತೀರಿಕೊಂಡರು. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಮಾಲೆಯಲ್ಲಿ ಅವರನ್ನು ಕನ್ನಡಕ್ಕೆ ತಂದರು.

ಕೈಯಲ್ಲಿ ದುಡ್ಡಿಲ್ಲದವರ ಚಿತ್ರಕ್ಕೆ ಗ್ರಾಫಿಕ್ಸ್ ಚಿರತೆ ಬೇಡ. ಸಂಜೆ ಮನೆಮನೆಯಲ್ಲೂ ಚಿಲಕ ಬೀಳುವ ಸದ್ದು ಸಾಕು. ಆದರೆ ಚಿರತೆ ಊರಿಗೆ ಯಾಕೆ ಬಂತು ಎಂಬ ಕಾರಣ ಮಾತ್ರ ಚಿತ್ರಕಥೆಯಲ್ಲಿ ಇರಲೇಬೇಕು.