ಕೆ. ವೆಂಕಟಪ್ಪ: ಆತುರವರಿಯದ ಚಿತ್ರಕಾರ

ಕ್ಯಾಮೆರಾ ಮನೆಮನೆಗೆ ಬರುವ ಮುನ್ನ ಒಬ್ಬರ ಮುಖ ಮುಂದಿನವರಿಗೆ ಉಳಿಯಬೇಕಾದರೆ ಚಿತ್ರಕಾರನ ಕೈಯೇ ಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಈಸ್ಟ್‌ಮನ್ ಜಾನ್ಸನ್ ಎಂಬ ಕಲಾವಿದ ಕವಿ ಲಾಂಗ್‌ಫೆಲೋ ಅವರ ಮನೆಯವರನ್ನೂ ಗೆಳೆಯರನ್ನೂ ಕಾಗದದ ಮೇಲೆ ಹೀಗೆ ಉಳಿಸಿದ. ಮೈಸೂರಿನಲ್ಲಿ ಈ ಕೆಲಸ ಚಿತ್ರಗಾರ ಮನೆತನಗಳದಾಗಿತ್ತು. ಅಂಥ ಮನೆಯೊಂದರಲ್ಲಿ 1886ರಲ್ಲಿ ವೆಂಕಟಪ್ಪನವರು ಹುಟ್ಟಿದರು.

ಬಾಲಕನ ಕೈಚಳಕವನ್ನು ಅರಮನೆ ಗುರುತಿಸಿತು. 1909ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಅವನೀಂದ್ರನಾಥ ಟಾಗೋರರು ಗುರುಗಳು, ನಂದಲಾಲ್ ಬೋಸ್ ಜೊತೆಯ ವಿದ್ಯಾರ್ಥಿ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಬರೆದು 1913ರಲ್ಲಿ ಪ್ರಕಟವಾದ ಪುರಾಣಕಥೆಗಳ ಗ್ರಂಥಕ್ಕೆ ವೆಂಕಟಪ್ಪನವರು ರಾಮಾಯಣದ ಚಿತ್ರಗಳನ್ನು ಬರೆದುಕೊಟ್ಟರು.

ಮೈಸೂರಿಗೆ ಮರಳಿದ ಮೇಲೆ ದಂತದ ತೆಳು ಹಾಳೆಗಳ ಮೇಲೆ ಕಿರುಗಾತ್ರದ ಭಾವಚಿತ್ರಗಳನ್ನು ರಚಿಸಿದರು. ಅಷ್ಟು ಚಿಕ್ಕ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ತಪ್ಪಿದರೂ ಮುಖ ಬೇರೆಯವರದಾಗುತ್ತದೆ. ಊಟಿ, ಕೊಡೈಕೆನಾಲಿನ ಬೆಟ್ಟಗಳ ಮಂಜನ್ನೂ ಬೆಳಕನ್ನೂ ಜಲವರ್ಣದಲ್ಲಿ ಹಿಡಿದದ್ದು ಇದೇ ತಾಳ್ಮೆಯಿಂದ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಮೈಸೂರು ಅರಮನೆಗೆ ಗಾರೆಯ ಉಬ್ಬುಶಿಲ್ಪಗಳನ್ನು ಮಾಡಿದರು.

ಈ ತಾಳ್ಮೆಗೆ ಅವರು ಬೆಲೆ ತೆತ್ತರು. ಮನಸ್ಸಿಗೆ ಒಪ್ಪದ ಕೆಲಸಕ್ಕೆ ಕೈಹಾಕಲಿಲ್ಲ, ಚಿತ್ರಗಳನ್ನು ಸುಲಭವಾಗಿ ಮಾರಲಿಲ್ಲ, ಮದುವೆಯಾಗಲಿಲ್ಲ. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಅರಮನೆಯ ಆಸರೆ ತಪ್ಪಿತು. ಬೆಂಗಳೂರಿಗೆ ಬಂದು ಒಂಟಿಯಾಗಿ ಬಾಳಿ 1965ರಲ್ಲಿ ನಿಧನರಾದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲಾಗ್ಯಾಲರಿ ಇಂದು ಅವರ ಹೆಸರನ್ನು ಹೊತ್ತಿದೆ.

ಬೋಧನಾಭ್ಯಾಸಕ್ಕೆ ಅರಸೀಕೆರೆ, ಬೇಲೂರು, ಹಳೇಬೀಡಿನ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಈ ಬದುಕು ಬರಿಯ ಪರಿಚಯಪಾಠವಲ್ಲ. ನಲವತ್ತು ನಿಮಿಷದ ಅವಧಿಯಲ್ಲಿ ಚಿತ್ರ ಮುಗಿಸಿದ ಮಗುವಿಗೆ ನಾವು ಅಂಕ ಕೊಡುತ್ತೇವೆ. ನೋಡುತ್ತಾ ಕುಳಿತ ಮಗು ಸೋಮಾರಿಯೆನಿಸಿಕೊಳ್ಳುತ್ತದೆ. ಒಮ್ಮೆ ಕ್ರಮ ಬದಲಿಸಿ. ಮಕ್ಕಳನ್ನು ಗುಡಿಯ ಒಂದೇ ವಿಗ್ರಹದ ಮುಂದೆ ಕೂರಿಸಿ, ಹತ್ತು ನಿಮಿಷ ಪೆನ್ಸಿಲ್ ಮುಟ್ಟಗೊಡಬೇಡಿ. ಹುಬ್ಬು ಎಲ್ಲಿ ಬಾಗಿದೆ, ತುಟಿಯ ಕೆಳಗೆ ನೆರಳು ಎಲ್ಲಿ ಬಿದ್ದಿದೆ ಎಂದಷ್ಟೇ ಕೇಳಿ. ಬೇಲೂರಿನಲ್ಲಿ ದಾಸೋಜ, ಚಾವಣರಂಥ ಶಿಲ್ಪಿಗಳು ಕಲ್ಲಿನಲ್ಲಿ ಕೆತ್ತಿಟ್ಟ ತಮ್ಮ ಹೆಸರುಗಳನ್ನೂ ತೋರಿಸಿ. ಆಮೇಲೆ ಬರೆಸಿ, ಮುಗಿಯದ ಚಿತ್ರಕ್ಕೂ ಮಗುವಿನ ಹೆಸರು ಹಾಕಿಸಿ. ಮೌಲ್ಯಮಾಪನದ ಪಟ್ಟಿಯಲ್ಲಿ ಅಂದಕ್ಕಿಂತ ಮೊದಲು ಅವಲೋಕನಕ್ಕೆ ಒಂದು ಸಾಲು ಇರಲಿ.