ಎಂಜೊ ಫೆರಾರಿ: ನಲವತ್ತನೇ ವರ್ಷದ ಕಾರು ಮತ್ತು ಅದರ ಬೆಲೆ



ಮೂವತ್ತು ಮೂವತ್ತೈದು ವರ್ಷಗಳ ಹಿಂದೆ ಹುಡುಗರ ಕೋಣೆಯ ಗೋಡೆಯ ಮೇಲೆ ಒಂದು ಕೆಂಪು ಕಾರಿನ ಚಿತ್ರ ಅಂಟಿಸಿರುವುದು ಸಾಮಾನ್ಯವಾಗಿತ್ತು. ಹಿಂದೆ ಎತ್ತರದ ರೆಕ್ಕೆ, ಮೂತಿಯ ಮೇಲೆ ಮುಂಗಾಲೆತ್ತಿ ನಿಂತ ಕುದುರೆಯ ಲಾಂಛನ. ಅದೇ ಫೆರಾರಿ ಎಫ್40. ಒಂದು ಕಂಪನಿಗೆ ನಲವತ್ತು ವರ್ಷ ತುಂಬಿದ ನೆನಪಿಗೆ ತಯಾರಾದ ಕಾರು ಅದು. ಅದರ ಹಿಂದಿದ್ದ 89 ವರ್ಷದ ಹಿರಿಯರ ಬದುಕನ್ನು ಈ ಸಲದ ವ್ಯಕ್ತಿ ಪರಿಚಯದಲ್ಲಿ ನೋಡೋಣ.

ಬಾಲ್ಯ ಮತ್ತು ಕಷ್ಟದ ದಿನಗಳು

ಎಂಜೊ ಫೆರಾರಿ ಹುಟ್ಟಿದ್ದು ಇಟಲಿಯ ಮೊಡೆನಾ ಪಟ್ಟಣದಲ್ಲಿ, 1898ರ ಫೆಬ್ರವರಿ 18ರಂದು. ಅಂದು ವಿಪರೀತ ಹಿಮ ಬಿದ್ದಿದ್ದರಿಂದ ಜನನದ ನೋಂದಣಿ ಎರಡು ದಿನ ತಡವಾಯಿತೆಂದು ಅವರೇ ಹೇಳುತ್ತಿದ್ದರು. ತಂದೆ ಕಬ್ಬಿಣದ ಕೆಲಸದ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. 1916ರಲ್ಲಿ ತಂದೆ ಮತ್ತು ಅಣ್ಣ ಇಬ್ಬರೂ ತೀರಿಕೊಂಡರು. ಎಂಜೊ ಸೈನ್ಯಕ್ಕೆ ಸೇರಿದಾಗ ಸಿಕ್ಕ ಕೆಲಸ ಹೇಸರಗತ್ತೆಗಳ ಗೊರಸಿಗೆ ಲಾಳ ಹೊಡೆಯುವುದು. ಕಾಯಿಲೆ ಬಿದ್ದು ಅಲ್ಲಿಂದ ಬಿಡುಗಡೆಯಾಗಿ ಬಂದರು.

ಯುದ್ಧ ಮುಗಿದ ಚಳಿಗಾಲದಲ್ಲಿ ಕೆಲಸ ಕೇಳಿಕೊಂಡು ಟ್ಯುರಿನ್ ನಗರದ ಫಿಯೆಟ್ ಕಂಪನಿಗೆ ಹೋದರು. ಕೆಲಸ ಇಲ್ಲವೆಂದು ಕಳುಹಿಸಿಬಿಟ್ಟರು. ಉದ್ಯಾನದ ಬೆಂಚಿನ ಮೇಲೆ ಕುಳಿತು ಒಬ್ಬರೇ ಅತ್ತದ್ದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

1919ರಲ್ಲಿ ರೇಸ್ ಓಡಿಸಲು ಆರಂಭಿಸಿ, ಮರುವರ್ಷ ಆಲ್ಫಾ ರೋಮಿಯೊ ಕಂಪನಿ ಸೇರಿದರು. 1923ರಲ್ಲಿ ರವೆನ್ನಾ ಬಳಿ ಒಂದು ರೇಸ್ ಗೆದ್ದಾಗ, ಯುದ್ಧದಲ್ಲಿ ಮಡಿದ ವಿಮಾನ ಚಾಲಕ ಫ್ರಾಂಚೆಸ್ಕೊ ಬರಾಕ್ಕಾ ಅವರ ತಂದೆಯ ಪರಿಚಯವಾಯಿತು. ಆ ಮನೆಯವರ ಒಪ್ಪಿಗೆಯಿಂದಲೇ ಮಗನ ವಿಮಾನದ ಮೇಲಿದ್ದ ಕಪ್ಪು ಕುದುರೆ ಮುಂದೆ ಫೆರಾರಿ ಲಾಂಛನವಾಯಿತು. ಹಿಂದಿನ ಹಳದಿ ಬಣ್ಣ ಮೊಡೆನಾ ಊರಿನದು.

ಸ್ವಂತ ಹೆಸರಿನ ಕಾರು

1929ರಲ್ಲಿ ಎಂಜೊ ಸ್ಕುದೆರಿಯಾ ಫೆರಾರಿ ಎಂಬ ರೇಸ್ ತಂಡ ಕಟ್ಟಿ ಆಲ್ಫಾ ಕಾರುಗಳನ್ನೇ ಓಡಿಸಿದರು. 1939ರಲ್ಲಿ ಆ ಕಂಪನಿಯಿಂದ ಹೊರಬಂದಾಗ ನಾಲ್ಕು ವರ್ಷ ರೇಸಿನಲ್ಲಿ ತಮ್ಮ ಹೆಸರನ್ನು ತಾವೇ ಬಳಸಬಾರದೆಂಬ ಷರತ್ತಿಗೆ ಒಪ್ಪಬೇಕಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯನ್ನು ಮರನೆಲ್ಲೊ ಎಂಬ ಊರಿಗೆ ಸಾಗಿಸಿ ಯಂತ್ರೋಪಕರಣ ತಯಾರಿಸಿದರು. ಅದರ ಮೇಲೂ ಬಾಂಬು ಬಿತ್ತು. ಅದನ್ನು ಮತ್ತೆ ಕಟ್ಟಿದರು. 1947ರ ಮಾರ್ಚ್ 12ರಂದು ಫೆರಾರಿ ಹೆಸರಿನ ಮೊದಲ ಕಾರು, 125 ಎಸ್, ಕಾರ್ಖಾನೆಯ ಬಾಗಿಲು ದಾಟಿ ರಸ್ತೆಗಿಳಿಯಿತು.

ಇತರ ತಯಾರಕರು ಕಾರು ಮಾರಾಟವಾಗಲೆಂದು ರೇಸಿಗೆ ಇಳಿಯುತ್ತಿದ್ದರು. ಎಂಜೊ ಅವರದು ತಿರುವುಮುರುವು, ರೇಸ್ ಖರ್ಚಿಗೆ ಹಣ ಬೇಕೆಂದು ಶ್ರೀಮಂತರಿಗೆ ಕಾರು ಮಾರುತ್ತಿದ್ದರು. ಲಾಭ ಅವರಿಗೆ ಗುರಿಯಲ್ಲ, ಮುಂದಿನ ರೇಸಿನ ಖರ್ಚಿನ ದಾರಿ. ಹಾಗಾಗಿ ಕಪ್‌ಗಳು ಬಂದರೂ ಖಜಾನೆಯಲ್ಲಿ ಹಣ ಉಳಿಯುತ್ತಿರಲಿಲ್ಲ.

ಮನೆಯಲ್ಲೂ ದುಃಖ ಬಿಡಲಿಲ್ಲ. ಸ್ನಾಯು ಕ್ಷೀಣಿಸುವ ಕಾಯಿಲೆಯಿಂದ ಮಗ ದೀನೊ 1956ರಲ್ಲಿ, 24ನೇ ವಯಸ್ಸಿನಲ್ಲಿ ತೀರಿಕೊಂಡ. ಮರುವರ್ಷ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಫೆರಾರಿ ಕಾರಿನ ಟೈರು ಸಿಡಿದು ಇಬ್ಬರು ಸವಾರರ ಜೊತೆ ಒಂಬತ್ತು ಮಂದಿ ಪ್ರೇಕ್ಷಕರೂ ಸತ್ತರು, ಅವರಲ್ಲಿ ಐವರು ಮಕ್ಕಳು. ಎಂಜೊ ಮೇಲೆ ಮೊಕದ್ದಮೆ ಹೂಡಲಾಯಿತು. ನಿರ್ದೋಷಿ ಎಂಬ ತೀರ್ಪು ಬಂದಿದ್ದು 1961ರಲ್ಲಿ. ಗೆಲುವಿಗಾಗಿ ಚಾಲಕರ ಜೀವದ ಬೆಲೆ ಮರೆತರೆಂಬ ಆರೋಪ ಮಾತ್ರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1963ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಫೆರಾರಿಯನ್ನು ಕೊಳ್ಳಲು ಬಂತು. ರೇಸಿನ ತೀರ್ಮಾನವೂ ಫೋರ್ಡ್ ಕೈಗೆ ಹೋಗುತ್ತದೆಂದು ತಿಳಿದಾಗ ಎಂಜೊ ಮಾತುಕತೆ ಮುರಿದರು. ಆದರೆ ಹಣದ ಅಡಚಣೆ ಉಳಿಯಿತು. 1969ರಲ್ಲಿ ಶೇಕಡಾ 50 ಪಾಲನ್ನು ಫಿಯೆಟ್‌ಗೆ ಕೊಟ್ಟರು, ಐವತ್ತು ವರ್ಷದ ಹಿಂದೆ ಕೆಲಸ ಇಲ್ಲವೆಂದಿದ್ದ ಅದೇ ಫಿಯೆಟ್‌ಗೆ! ರೇಸ್ ತಂಡದ ಹಿಡಿತ ಮಾತ್ರ ತಮ್ಮಲ್ಲೇ ಉಳಿಸಿಕೊಂಡರು.

ನಲವತ್ತನೇ ವರ್ಷದ ಕಾರು

1984ರಲ್ಲಿ ಫೆರಾರಿ 288 ಜಿಟಿಒ ಎಂಬ ಕಾರು ಹೊರತಂದಿತು. ರೇಸ್ ನಿಯಮಕ್ಕೆ 200 ಕಾರು ಸಾಕಿತ್ತು, ಆದರೆ ಬೇಡಿಕೆ ಬಂದು 272 ತಯಾರಾದವು. ವಿಶೇಷ ಕಾರನ್ನು ಕೆಲವೇ ಸಂಖ್ಯೆಯಲ್ಲಿ ಮಾಡಿದರೆ ಎಷ್ಟು ಬೆಲೆಗೂ ಕೊಳ್ಳುವವರಿದ್ದಾರೆ ಎಂಬುದು ಇದರಿಂದ ಸ್ಪಷ್ಟವಾಯಿತು. ಅದನ್ನೇ ಇನ್ನಷ್ಟು ಚುರುಕಾಗಿಸಿ ರೇಸಿಗಾಗಿ ಕೆಲವು ಕಾರು ಮಾಡಿದರು. ಅಷ್ಟರಲ್ಲಿ ಆ ವರ್ಗದ ರೇಸೇ ರದ್ದಾಯಿತು. ಮಾಡಿದ ಕೆಲಸ ವ್ಯರ್ಥವಾಗದಂತೆ ಅದರ ಆಧಾರದ ಮೇಲೆಯೇ ಕಂಪನಿಯ ನಲವತ್ತನೇ ವರ್ಷಕ್ಕೊಂದು ಕಾರು ಸಿದ್ಧಪಡಿಸಿದರು. 1987ರ ಜುಲೈ 21ರಂದು ಮರನೆಲ್ಲೊದಲ್ಲಿ ಎಂಜೊ ಅವರ ಮುಂದೆಯೇ ಎಫ್40 ಮೇಲಿನ ಪರದೆ ಸರಿಯಿತು.

ಅದರಲ್ಲಿ ರೇಡಿಯೊ ಇಲ್ಲ, ನೆಲಹಾಸು ಇಲ್ಲ. ಬಾಗಿಲು ತೆರೆಯಲು ಒಳಗೆ ಒಂದು ದಾರ. ಮೈಯೆಲ್ಲ ಕಾರ್ಬನ್ ಮತ್ತು ಕೆವ್ಲಾರ್ ನಾರಿನ ಹಗುರ ಹಲಗೆ. 478 ಅಶ್ವಶಕ್ತಿ, ಗಂಟೆಗೆ 324 ಕಿ.ಮೀ. ವೇಗ. ಅಮೆರಿಕದಲ್ಲಿ ಬೆಲೆ ಸುಮಾರು 4 ಲಕ್ಷ ಡಾಲರ್, ಅದೇ ಕಂಪನಿಯ ಟೆಸ್ಟರೋಸಾ ಕಾರಿನ ಎರಡು ಪಟ್ಟಿಗೂ ಹೆಚ್ಚು. ಸೌಕರ್ಯ ಕಡಿಮೆಯಾದಷ್ಟೂ ಬೆಲೆ ಏರಿತು! ಜನ ಹಣ ಕೊಟ್ಟದ್ದು ವೇಗಕ್ಕೆ, ಎಲ್ಲರಿಗೂ ಸಿಗುವುದಿಲ್ಲ ಎಂಬ ವಿಶ್ವಾಸಕ್ಕೆ, ಮತ್ತು ಇದೇ ಆ ಹಿರಿಯರ ಕೊನೆಯ ಕಾರಾಗಬಹುದು ಎಂಬ ಭಾವನೆಗೆ.

ಮಾರುಕಟ್ಟೆ ಕೇಳುವುದಕ್ಕಿಂತ ಒಂದು ಕಾರು ಕಡಿಮೆ ಮಾಡಬೇಕು ಎಂಬ ಸೂತ್ರ ಎಂಜೊ ಅವರದೆಂದು ಹೇಳುತ್ತಾರೆ. ಎಫ್40 ವಿಷಯದಲ್ಲಿ ಅದು ನಡೆಯಲಿಲ್ಲ. ಸುಮಾರು 400 ಎಂದುಕೊಂಡಿದ್ದು 1992ರ ಹೊತ್ತಿಗೆ 1,311 ಆಯಿತು. ಕಾರಣವೂ ಇತ್ತು. ಮೊದಲು ಕಾರು ಸಿಕ್ಕವರು ಅದನ್ನು ಹಲವು ಪಟ್ಟು ಬೆಲೆಗೆ ಮರುಮಾರಾಟ ಮಾಡುತ್ತಿದ್ದರು. ಆ ಹೆಚ್ಚುವರಿ ಹಣದಲ್ಲಿ ಕಾರ್ಖಾನೆಗೆ ಒಂದು ಪೈಸೆಯೂ ಬರುತ್ತಿರಲಿಲ್ಲ. ಇನ್ನಷ್ಟು ಕಾರು ತಯಾರಿಸಿದಾಗ ಲಾಭ ಕಾರ್ಖಾನೆಗೆ ಬಂತು. ಆದರೆ ತೊಂಬತ್ತರ ದಶಕದ ಆರಂಭದಲ್ಲಿ ಮಾರುಕಟ್ಟೆ ಕುಸಿದಾಗ, ಆಸೆಯಿಂದ ದುಬಾರಿ ಬೆಲೆ ತೆತ್ತಿದ್ದವರು ಕೈ ಸುಟ್ಟುಕೊಂಡರು. ಐವತ್ತನೇ ವರ್ಷದ ನೆಪದ ಎಫ್50 ಕಾರನ್ನು ಕಂಪನಿ 349ಕ್ಕೇ ನಿಲ್ಲಿಸಿತು. ಎಪ್ಪತ್ತನೇ ವರ್ಷದ ಲಾಫೆರಾರಿ ಅಪೆರ್ಟಾ ಗ್ರಾಹಕರಿಗೆ ಸಿಕ್ಕಿದ್ದು 200, ಜೊತೆಗೆ ಹರಾಜಿಗೆ ಒಂದು. ಆ ಒಂದು ಕಾರು 2017ರಲ್ಲಿ 83 ಲಕ್ಷ ಯೂರೊಗೆ ಹೋಯಿತು, ಹಣ ಮಕ್ಕಳ ಸೇವಾ ಸಂಸ್ಥೆಗೆ ಸಂದಿತು.

ಕೊನೆಯ ದಿನಗಳು

ಇದನ್ನೆಲ್ಲ ನೋಡಲು ಎಂಜೊ ಉಳಿಯಲಿಲ್ಲ. 1988ರ ಆಗಸ್ಟ್ 14ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಸದ್ದಿಲ್ಲದೆ ಮುಗಿದ ಮೇಲೆಯೇ ಸುದ್ದಿ ಹೊರಬಂತು. ಫಿಯೆಟ್ ಪಾಲು ಶೇಕಡಾ 90ಕ್ಕೆ ಏರಿತು. ಉಳಿದ 10 ಇನ್ನೊಬ್ಬ ಮಗ ಪಿಯೆರೊ ಅವರ ಕೈಯಲ್ಲಿ ಉಳಿಯಿತು.

ಆ ವರ್ಷ ಫಾರ್ಮುಲಾ ಒನ್ ರೇಸುಗಳನ್ನು ಮೆಕ್‌ಲಾರೆನ್ ತಂಡ ಒಂದರ ಮೇಲೊಂದು ಗೆಲ್ಲುತ್ತಲೇ ಇತ್ತು. ಇಡೀ ವರ್ಷದಲ್ಲಿ ಅದು ಸೋತದ್ದು ಒಂದೇ ಒಂದು ರೇಸ್. ಸೆಪ್ಟೆಂಬರ್ 11ರಂದು ಇಟಲಿಯ ಮೊಂಜಾದಲ್ಲಿ, ಎಂಜೊ ತೀರಿಕೊಂಡು ನಾಲ್ಕು ವಾರಕ್ಕೆ, ಮೊದಲ ಎರಡೂ ಸ್ಥಾನ ಫೆರಾರಿಗೆ ಬಂದವು. ಎಫ್40 ಎಷ್ಟಕ್ಕೆ ಮಾರಾಟವಾಯಿತು ಎಂಬುದಕ್ಕಿಂತ, ಆ ಹಿರಿಯರಿಗೆ ಈ ಸುದ್ದಿಯೇ ಹೆಚ್ಚು ಸಂತೋಷ ಕೊಡುತ್ತಿತ್ತು ಎನ್ನುವುದರಲ್ಲಿ ಸಂಶಯವಿಲ್ಲ.